ಬಸುರಿಯ ಹಲ್ಲುನೋವು: ಹೆರಿಗೆ ಆಗಲಿ ಎಂದು ಕಾಯಬೇಡಿ

ಮನೆಯಲ್ಲಿ ಮಗಳೋ ಸೊಸೆಯೋ ಬಸುರಿ ಎಂದು ತಿಳಿದ ದಿನದಿಂದ ಅವಳ ಊಟ, ನಿದ್ದೆ, ನಡಿಗೆ ಎಲ್ಲದರ ಮೇಲೂ ಹತ್ತು ಜನರ ಕಣ್ಣು ಬೀಳುತ್ತದೆ. ಪಪ್ಪಾಯಿ ತಿನ್ನಬೇಡ, ಭಾರ ಎತ್ತಬೇಡ, ಹಾಲು ಕುಡಿ ಎಂದು ಹೇಳುವವರಿಗೆ ಕೊರತೆಯಿಲ್ಲ. ತಿಂಗಳಿಗೊಮ್ಮೆ ತೂಕ, ರಕ್ತದ ಒತ್ತಡ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಕೂಡ ಈಗ ಹೆಚ್ಚಿನವರಿಗೆ ಆಗುತ್ತಿವೆ. ಆದರೆ ಇಷ್ಟೆಲ್ಲ ಪರೀಕ್ಷೆಗಳ ನಡುವೆ ಅವಳ ಬಾಯಿ ತೆರೆಸಿ ಹಲ್ಲು, ವಸಡು ನೋಡುವವರು ತೀರಾ ಕಡಿಮೆ. ಅವಳೂ ಹೇಳುವುದಿಲ್ಲ. ಬೆಳಿಗ್ಗೆ ಉಗಿದಾಗ ರಕ್ತ ಕಂಡರೆ ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತಾಳೆ.

ಹಲ್ಲು ನೋಯಲು ಶುರುವಾದರೆ ಮನೆಯ ಹಿರಿಯರು ಸಾಮಾನ್ಯವಾಗಿ ಕೊಡುವ ಸಲಹೆ ಒಂದೇ: ‘ಈಗ ಕೀಳಿಸುವುದು, ಕೊರೆಸುವುದು ಬೇಡ. ಹೆರಿಗೆ ಆಗಲಿ, ಆಮೇಲೆ ನೋಡೋಣ.’ ಈ ಮಾತಿನ ಹಿಂದೆ ಇರುವುದು ಕಾಳಜಿಯೇ. ಆದರೆ ಈ ಕಾಳಜಿಯೇ ಕೆಲವೊಮ್ಮೆ ತಾಯಿಗೆ ಅಪಾಯ ತರುತ್ತದೆ. ಹೇಗೆ ಎಂಬುದನ್ನು ಈ ವಾರ ನೋಡೋಣ.

ಮಗು ತಾಯಿಯ ಹಲ್ಲಿನ ಸುಣ್ಣ ಹೀರುತ್ತದೆಯೇ?

ಒಂದೊಂದು ಬಸಿರಿಗೂ ಒಂದೊಂದು ಹಲ್ಲು ಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಹೊಟ್ಟೆಯಲ್ಲಿರುವ ಮಗು ತನ್ನ ಮೂಳೆಗಾಗಿ ತಾಯಿಯ ಹಲ್ಲಿನಿಂದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ ಎಂದು ಜನ ತಿಳಿದಿದ್ದಾರೆ. ಇದು ನಿಜವಲ್ಲ. ಹಲ್ಲು ಒಮ್ಮೆ ಗಟ್ಟಿಯಾದ ಮೇಲೆ ಅದರಲ್ಲಿರುವ ಕ್ಯಾಲ್ಸಿಯಂ ರಕ್ತಕ್ಕೆ ಹಿಂದಿರುಗುವುದಿಲ್ಲ.

ನವಮಾಸ ತುಂಬಿದ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದರ ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ ಸೇರುತ್ತದೆ. ಇದು ಬರಬೇಕಾದದ್ದು ತಾಯಿಯ ಊಟದಿಂದ. ಊಟದಲ್ಲಿ ಸಾಲದಿದ್ದರೆ ಅವಳ ಮೂಳೆಯಿಂದ ಹೋಗುತ್ತದೆಯೇ ಹೊರತು ಹಲ್ಲಿನಿಂದಲ್ಲ. ಹಾಗಾದರೆ ಬಸುರಿಯರ ಹಲ್ಲು ಹುಳುಕಾಗುವುದು, ಅಲುಗಾಡುವುದು ಯಾಕೆ? ಕಾರಣಗಳು ಬೇರೆ ಇವೆ. ಅವುಗಳಲ್ಲಿ ಹೆಚ್ಚಿನವನ್ನು ತಡೆಯಲು ಸಾಧ್ಯ. ಹಲ್ಲು ಹೋಗುವುದು ಹಣೆಬರಹ ಎಂದು ಕೂರಬೇಕಾಗಿಲ್ಲ.

ವಸಡಿನಲ್ಲಿ ರಕ್ತ ಬರುವುದೇಕೆ?

ಗರ್ಭ ನಿಂತ ಮೇಲೆ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ರಕ್ತದಲ್ಲಿ ಬಹಳಷ್ಟು ಏರುತ್ತವೆ. ಇವುಗಳ ಪ್ರಭಾವದಿಂದ ವಸಡಿನ ಸಣ್ಣ ರಕ್ತನಾಳಗಳು ಹಿಗ್ಗಿ, ವಸಡು ಮೆತ್ತಗಾಗಿ ಊದಿಕೊಳ್ಳುತ್ತದೆ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬಿಳಿಯ, ಅಂಟಂಟಾದ ಪಾಚಿ ಕಟ್ಟುತ್ತದೆ. ಅದರಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಬೇರೆ ದಿನಗಳಲ್ಲಿ ಇಷ್ಟು ಪಾಚಿಗೆ ತಲೆಕೆಡಿಸಿಕೊಳ್ಳದ ವಸಡು ಬಸುರಿಯಲ್ಲಿ ಅಷ್ಟಕ್ಕೇ ಕೆಂಪಾಗಿ ಕೆರಳುತ್ತದೆ. ಹಲ್ಲುಜ್ಜಿದಾಗ, ಗಟ್ಟಿ ರೊಟ್ಟಿ ಕಚ್ಚಿದಾಗ ರಕ್ತ ಬರುತ್ತದೆ.

ಸಾಮಾನ್ಯವಾಗಿ ಎರಡನೆಯ ತಿಂಗಳಲ್ಲಿ ಶುರುವಾಗುವ ಈ ವಸಡಿನ ಬಾವು ಎಂಟನೆಯ ತಿಂಗಳ ಹೊತ್ತಿಗೆ ಹೆಚ್ಚಾಗಿ, ಹೆರಿಗೆಯ ನಂತರ ಇಳಿಯುತ್ತದೆ. ನೂರು ಬಸುರಿಯರಲ್ಲಿ 60ರಿಂದ 75 ಮಂದಿಗೆ ಇದು ಸ್ವಲ್ಪವಾದರೂ ಕಾಣಿಸಿಕೊಳ್ಳುತ್ತದೆ ಎಂದು ಲೆಕ್ಕ. ಹಾರ್ಮೋನನ್ನು ನಾವು ತಡೆಯಲಾರೆವು, ತಡೆಯಲೂಬಾರದು. ಆದರೆ ಪಾಚಿಯನ್ನು ತೆಗೆಯುವುದು ನಮ್ಮ ಕೈಯಲ್ಲಿದೆ. ಪಾಚಿ ಇಲ್ಲದಿದ್ದರೆ ಹಾರ್ಮೋನು ಏರಿದರೂ ವಸಡು ಅಷ್ಟಾಗಿ ಕೆರಳುವುದಿಲ್ಲ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಏನೆಂದರೆ, ರಕ್ತ ಬರುತ್ತದೆಂದು ಹೆದರಿ ಬ್ರಷ್ ಬಿಟ್ಟು ಬೆರಳಿನಿಂದ ಮೇಲೆ ಮೇಲೆ ಉಜ್ಜುವುದು. ಆಗ ಪಾಚಿ ಇನ್ನಷ್ಟು ಕಟ್ಟಿ, ರಕ್ತ ಮತ್ತಷ್ಟು ಬರುತ್ತದೆ. ಮೆತ್ತನೆಯ ಎಳೆಗಳ ಬ್ರಷ್‌ನಿಂದ ವಸಡಿನ ಅಂಚನ್ನು ನಿಧಾನವಾಗಿ, ಬಿಡದೆ ಉಜ್ಜುತ್ತಾ ಬಂದರೆ ಒಂದೆರಡು ವಾರಗಳಲ್ಲಿ ರಕ್ತ ಕಡಿಮೆಯಾಗುತ್ತದೆ. ಹಾಗೂ ಕಡಿಮೆಯಾಗದಿದ್ದರೆ ಪಾಚಿ ಗಟ್ಟಿ ಕರೆಯಾಗಿ ಕೂತಿದೆ ಎಂದರ್ಥ. ಅದನ್ನು ದಂತವೈದ್ಯರೇ ತೆಗೆಯಬೇಕು.

ಕೆಲವರಿಗೆ ಎರಡು ಹಲ್ಲುಗಳ ನಡುವಿನ ವಸಡಿನಲ್ಲಿ ಕೆಂಪಾದ, ಮುಟ್ಟಿದರೆ ರಕ್ತ ಸುರಿಸುವ ಸಣ್ಣ ಗಡ್ಡೆಯೊಂದು ಬೆಳೆಯುವುದುಂಟು. ಕ್ಯಾನ್ಸರ್ ಬಂತೆಂದು ಮನೆಮಂದಿ ಗಾಬರಿಯಾಗುತ್ತಾರೆ. ಬಸುರಿಯಲ್ಲಿ ಬರುವ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಹೆರಿಗೆಯ ನಂತರ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ ಅದೇ ಹೌದೆಂದು ಖಚಿತ ಮಾಡಿಕೊಳ್ಳಿ. ಊಟಕ್ಕೆ ಅಡ್ಡಿಯಾದರೆ, ರಕ್ತ ಹೆಚ್ಚು ಹೋಗುತ್ತಿದ್ದರೆ ಬಸುರಿಯಲ್ಲೇ ತೆಗೆಸಬಹುದು.

ಒಂದು ಎಚ್ಚರಿಕೆ. ವಸಡು ಉಜ್ಜದೆಯೂ ತಾನಾಗಿ ರಕ್ತ ಸುರಿಯುತ್ತಿದ್ದರೆ, ಅದರ ಜೊತೆ ಮೂಗಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ, ತಲೆನೋವು, ಜ್ವರ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಬರೀ ವಸಡಿನ ತೊಂದರೆ ಆಗಿರಲಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ.

ವಾಂತಿ, ಬಯಕೆ ಮತ್ತು ಹುಳುಕು

ಮೊದಲ ಮೂರು ನಾಲ್ಕು ತಿಂಗಳ ವಾಂತಿ ಹಲ್ಲಿನ ದೊಡ್ಡ ಶತ್ರು. ಜಠರದಿಂದ ಬರುವ ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್ ಅನ್ನು ಮೆತ್ತಗೆ ಮಾಡುತ್ತದೆ. ಬಾಯಿ ಕಹಿಯಾಯಿತೆಂದು ಆಗಲೇ ಬ್ರಷ್ ಹಿಡಿದು ಉಜ್ಜಿದರೆ ಮೆತ್ತಗಾದ ಎನಾಮಲ್ ಸವೆದುಹೋಗುತ್ತದೆ. ಆದ್ದರಿಂದ ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಬೆರೆಸಿ ಚೆನ್ನಾಗಿ ಬಾಯಿ ಮುಕ್ಕಳಿಸಿ ಉಗಿಯಿರಿ. ಇದನ್ನು ನುಂಗಬಾರದು. ಸೋಡಾ ಇಲ್ಲದಿದ್ದರೆ ಬರೀ ನೀರೂ ಆದೀತು. ಅರ್ಧ ಗಂಟೆಯಾದರೂ ಕಳೆದ ಮೇಲೆ ಹಲ್ಲುಜ್ಜಿ.

ಬ್ರಷ್ ಬಾಯಿಗಿಟ್ಟರೇ ಓಕರಿಕೆ ಬರುವವರು ಮಕ್ಕಳ ಸಣ್ಣ ಬ್ರಷ್ ಬಳಸಿ ನೋಡಿ. ಪೇಸ್ಟಿನ ವಾಸನೆ ಆಗದಿದ್ದರೆ ಬೇರೆ ಪೇಸ್ಟ್ ಬಳಸಿ. ಬೆಳಿಗ್ಗೆ ಎದ್ದೊಡನೆ ಆಗದಿದ್ದರೆ ಹತ್ತು ಗಂಟೆಗೆ, ಹೊಟ್ಟೆ ತಿಳಿಯಾದ ಹೊತ್ತಿನಲ್ಲಿ ಉಜ್ಜಿ. ಹೊತ್ತು ತಪ್ಪಿದರೂ ಚಿಂತೆಯಿಲ್ಲ, ಉಜ್ಜುವುದು ತಪ್ಪಬಾರದು.

ಇನ್ನು ಬಯಕೆಯ ಮಾತು. ಹುಣಸೆಹಣ್ಣು, ಮಾವಿನಕಾಯಿ, ನೆಲ್ಲಿಕಾಯಿ ಎಂದು ಬಸುರಿ ಹುಳಿಗೆ ಆಸೆಪಡುವುದು ಸಹಜ. ತಿನ್ನಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಹುಣಸೆಹಣ್ಣಿನ ಉಂಡೆಯನ್ನು ದವಡೆಯಲ್ಲಿಟ್ಟು ಗಂಟೆಗಟ್ಟಲೆ ಚೀಪಬೇಡಿ. ತಿಂದು ಮುಗಿಸಿ, ಬಾಯಿ ಮುಕ್ಕಳಿಸಿ. ಸಿಹಿಯ ವಿಷಯದಲ್ಲೂ ಇದೇ ಮಾತು. ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಹಲ್ಲಿಗೆ ಮುಖ್ಯ. ಪ್ರತಿ ಸಲ ಸಕ್ಕರೆ ಬಾಯಿಗೆ ಬಿದ್ದಾಗಲೂ ಬ್ಯಾಕ್ಟೀರಿಯಾಗಳು ಸುಮಾರು ಅರ್ಧ ಗಂಟೆ ಆಮ್ಲ ಉಂಟುಮಾಡುತ್ತವೆ. ಹೊಟ್ಟೆ ಸಂಕಟಕ್ಕೆಂದು ಗಂಟೆಗೊಮ್ಮೆ ಬಿಸ್ಕತ್ತು, ರಸ್ಕು, ಸಿಹಿ ಚಹಾ ತೆಗೆದುಕೊಳ್ಳುವವರ ಹಲ್ಲಿಗೆ ದಿನವಿಡೀ ಬಿಡುವೇ ಇರುವುದಿಲ್ಲ. ಬದಲಿಗೆ ಮಂಡಕ್ಕಿ, ಹುರಿಗಡಲೆ, ಸೌತೆಕಾಯಿ, ಸೀಬೆಹಣ್ಣು, ಮಜ್ಜಿಗೆ ಇಟ್ಟುಕೊಳ್ಳಿ. ಬಾಯಲ್ಲಿ ಹುಳುಕು ಕಂಡುಬಂದವರಿಗಂತೂ ಈ ಬದಲಾವಣೆ ಬಹಳ ಅಗತ್ಯ.

ಮಣ್ಣು, ಬಳಪ, ಇದ್ದಿಲು, ಹಸಿ ಅಕ್ಕಿ ತಿನ್ನುವ ಆಸೆ ಮಾತ್ರ ಸಾಮಾನ್ಯ ಬಯಕೆಯಲ್ಲ. ಎಷ್ಟೋ ವೇಳೆ ಅದು ರಕ್ತಹೀನತೆಯ ಸೂಚನೆ. ಹಲ್ಲು ಸವೆಯುವುದರ ಜೊತೆಗೆ ಹೊಟ್ಟೆಗೆ ಜಂತುಹುಳುವೂ ಸೇರೀತು. ನಾಚಿಕೆಪಡದೆ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಹೊಗೆಸೊಪ್ಪು, ಕಡ್ಡಿಪುಡಿ ಹಾಕಿದ ಎಲೆಅಡಿಕೆ, ಗುಟ್ಕಾ, ಹಲ್ಲುಜ್ಜಲು ಮಿಶ್ರಿ, ಇವಾವುವೂ ಬಸುರಿಯಲ್ಲಿ ಕೂಡದು. ಮಹಾರಾಷ್ಟ್ರದ ಗಡಿಯತ್ತಲಿನ ಊರುಗಳಲ್ಲಿ ಹಲ್ಲಿಗೆ ಮಿಶ್ರಿ ತಿಕ್ಕುವ ಹೆಂಗಸರು ಅದನ್ನು ತಂಬಾಕು ಎಂದು ಎಣಿಸುವುದೇ ಇಲ್ಲ. ಅದು ಸುಟ್ಟು ಪುಡಿಮಾಡಿದ ತಂಬಾಕೇ. ತಾಯಿಯ ಬಾಯಿಗೆ ಬಿದ್ದ ನಿಕೋಟಿನ್ ಮಗುವನ್ನೂ ಮುಟ್ಟುತ್ತದೆ. ಹುಟ್ಟುವ ಮಗುವಿನ ತೂಕ ಕಡಿಮೆಯಾಗುತ್ತದೆ.

ವಸಡಿನ ರೋಗಕ್ಕೂ ದಿನ ತುಂಬದ ಹೆರಿಗೆಗೂ ನಂಟೇನು?

ವಸಡಿನ ಬಾವನ್ನು ಲಕ್ಷಿಸದೆ ಬಿಟ್ಟರೆ ಸೋಂಕು ಆಳಕ್ಕಿಳಿದು ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಇಂಥ ರೋಗವಿರುವ ತಾಯಂದಿರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಕಡಿಮೆ ತೂಕದ ಮಗು ಹುಟ್ಟುವುದು ಹೆಚ್ಚು ಎಂದು 1996ರಲ್ಲಿ ಅಮೆರಿಕದ ನಾರ್ತ್ ಕರೊಲಿನಾದ ಸಂಶೋಧಕರು ವರದಿ ಮಾಡಿದರು. ಅಂದಿನಿಂದ ಈ ಬಗ್ಗೆ ಬಹಳ ಚರ್ಚೆ ನಡೆದಿದೆ.

ವಸಡಿಗೆ ಚಿಕಿತ್ಸೆ ಕೊಟ್ಟರೆ ದಿನ ತುಂಬದ ಹೆರಿಗೆ ತಪ್ಪುತ್ತದೆಯೇ ಎಂದು ಅಮೆರಿಕದಲ್ಲೇ 823 ಬಸುರಿಯರ ಮೇಲೆ ಪರೀಕ್ಷೆ ನಡೆದು, 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ 21 ವಾರ ತುಂಬುವ ಮೊದಲೇ ವಸಡಿನ ಆಳ ಶುಚಿ ಮಾಡಲಾಯಿತು, ಉಳಿದವರಿಗೆ ಹೆರಿಗೆಯ ನಂತರ. ದಿನ ತುಂಬದ ಹೆರಿಗೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಒಂದರಲ್ಲಿ ನೂರಕ್ಕೆ 12, ಇನ್ನೊಂದರಲ್ಲಿ ಸುಮಾರು 13. ಅಂದರೆ ಹಲ್ಲು ಶುಚಿ ಮಾಡಿಸಿದ ಮಾತ್ರಕ್ಕೆ ದಿನ ತುಂಬದ ಹೆರಿಗೆ ತಪ್ಪುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆದರೆ ಅದೇ ಪರೀಕ್ಷೆಯಿಂದ ಇನ್ನೆರಡು ಮಾತು ಸ್ಪಷ್ಟವಾಯಿತು. ಚಿಕಿತ್ಸೆ ಪಡೆದವರ ವಸಡು ಸುಧಾರಿಸಿತು, ಮತ್ತು ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಕೆಡುಕಾಗಲಿಲ್ಲ. ‘ಬಸುರಿಯಲ್ಲಿ ಹಲ್ಲು ಮುಟ್ಟಿಸಬಾರದು’ ಎನ್ನುವವರಿಗೆ ಇದು ಉತ್ತರ.

ಚಿಕಿತ್ಸೆ ಯಾವಾಗ?

ಬಸುರಿಯ ಯಾವ ತಿಂಗಳಲ್ಲಾದರೂ ದಂತವೈದ್ಯರನ್ನು ಕಾಣಬಹುದು. ಹುಳುಕು ತುಂಬಿಸುವುದು, ಕರೆ ತೆಗೆಸುವುದು ಮುಂತಾದ ತುರ್ತಿಲ್ಲದ ಕೆಲಸಗಳಿಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ಆಗ ವಾಂತಿ ನಿಂತಿರುತ್ತದೆ, ಹೊಟ್ಟೆಯೂ ತೀರಾ ಭಾರವಾಗಿರುವುದಿಲ್ಲ. ಹಲ್ಲು ಬೆಳ್ಳಗೆ ಮಾಡಿಸುವಂಥ ಅಂದದ ಕೆಲಸಗಳನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಿ. ಆದರೆ ನೋವು, ಕೀವು, ಬಾವು ಇದ್ದರೆ ತಿಂಗಳು ಎಣಿಸುತ್ತಾ ಕೂರಬಾರದು. ಅಗತ್ಯವಾದರೆ ಬೇರಿನ ನಾಳದ ಚಿಕಿತ್ಸೆ, ಹಲ್ಲು ಕೀಳಿಸುವುದು ಎಲ್ಲವನ್ನೂ ಮಾಡಿಸಬಹುದು.

‘ಮರಗಟ್ಟಿಸುವ ಇಂಜೆಕ್ಷನ್ ಮಗುವಿಗೆ ಕೆಟ್ಟದ್ದಲ್ಲವೇ?’ ಎಂದು ಕೇಳುವವರಿದ್ದಾರೆ. ದಂತವೈದ್ಯರು ಸಾಮಾನ್ಯವಾಗಿ ಬಳಸುವ ಲಿಗ್ನೊಕೇನ್ ಅನ್ನು ಬಸುರಿಯರಿಗೆ ಕೊಡಬಹುದು. ಮದ್ದಿಲ್ಲದೆ ನೋವು ತಿನ್ನಿಸಿ ಕೆಲಸ ಮಾಡಿಸುವುದರಲ್ಲಿ ಯಾವ ಪುಣ್ಯವೂ ಇಲ್ಲ. ‘ಎಕ್ಸ್‌ರೇ?’ ಹಲ್ಲಿನ ಒಂದು ಸಣ್ಣ ಎಕ್ಸ್‌ರೇಯಲ್ಲಿ ಬೀಳುವ ವಿಕಿರಣ, ಒಂದೆರಡು ದಿನಗಳಲ್ಲಿ ಪ್ರಕೃತಿಯಿಂದಲೇ ನಮಗೆ ತಾಗುವಷ್ಟಕ್ಕಿಂತ ಹೆಚ್ಚಲ್ಲ. ಕಿರಣ ಬೀಳುವುದೂ ದವಡೆಯ ಮೇಲೆ, ಹೊಟ್ಟೆಯ ಮೇಲಲ್ಲ. ರೋಗ ತಿಳಿಯಲು ವೈದ್ಯರಿಗೆ ಬೇಕೆಂದರೆ ತೆಗೆಸಿಕೊಳ್ಳಿ. ಸುಮ್ಮನೆ ತೆಗೆಸಬೇಡಿ. ಹುಳುಕಿಗೆ ಪಾದರಸ ಬೆರೆತ ಬೆಳ್ಳಿ ತುಂಬಿಸುವ ಬದಲು ಹಲ್ಲಿನ ಬಣ್ಣದ ಬೇರೆ ವಸ್ತು ತುಂಬಲು ಕೇಳಿ. ಹಳೆಯ ಬೆಳ್ಳಿ ಗಟ್ಟಿಯಾಗಿ ಕೂತಿದ್ದರೆ ಬಸುರಿಯಲ್ಲಿ ಅದನ್ನು ಕೆದಕಿಸಿ ತೆಗೆಸಬೇಡಿ.

ದಂತವೈದ್ಯರ ಬಳಿ ಹೋಗುವಾಗ ತಾಯಿ ಕಾರ್ಡ್ ಮತ್ತು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಒಯ್ಯಿರಿ. ಎಷ್ಟನೆಯ ತಿಂಗಳು, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ತೊಂದರೆ ಇದೆಯೇ ಎಂಬುದನ್ನು ಮೊದಲೇ ಹೇಳಿ. ಏಳು ತಿಂಗಳು ದಾಟಿದವರು ಕುರ್ಚಿಯಲ್ಲಿ ಅಂಗಾತ ಮಲಗಬಾರದು. ತುಂಬಿದ ಗರ್ಭ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರುತ್ತದೆ. ಬಲ ಸೊಂಟದ ಕೆಳಗೆ ಚಿಕ್ಕ ದಿಂಬಿಟ್ಟು ಸ್ವಲ್ಪ ಎಡಕ್ಕೆ ವಾಲಿಕೊಳ್ಳಿ. ಸಾಕೆನಿಸಿದಾಗ ಕೈ ಎತ್ತಿ ಹೇಳಿ, ಎದ್ದು ಕುಳಿತು ಸುಧಾರಿಸಿಕೊಳ್ಳಿ.

ಅಂಗಡಿಯ ಮಾತ್ರೆ ಬೇಡ

ಹಲ್ಲುನೋವಿಗೆ ವೈದ್ಯರನ್ನು ಕಾಣದವರು ಮಾಡುವ ಕೆಲಸ ಒಂದೇ, ಔಷಧಿ ಅಂಗಡಿಗೆ ಹೋಗಿ ‘ಹಲ್ಲುನೋವಿಗೆ ಏನಾದರೂ ಕೊಡಿ’ ಎಂದು ಕೇಳುವುದು. ತರಲು ಹೋದ ಗಂಡನೋ ಮೈದುನನೋ ಬಸುರಿಗೆ ಎಂದು ಹೇಳುವುದನ್ನೂ ಮರೆತಿರುತ್ತಾರೆ. ನಿಜವಾದ ಅಪಾಯ ಇಲ್ಲಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಬಸುರಿಗೆ ತಕ್ಕವಲ್ಲ. ಅದರಲ್ಲೂ ಐದು ತಿಂಗಳು ಕಳೆದ ಮೇಲೆ ಅವು ಮಗುವಿನ ಮೂತ್ರಪಿಂಡಕ್ಕೆ, ಕೊನೆಯ ತಿಂಗಳುಗಳಲ್ಲಿ ಅದರ ಹೃದಯದ ಬಳಿಯ ರಕ್ತನಾಳಕ್ಕೆ ತೊಂದರೆ ಕೊಡಬಹುದು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಹೊಟ್ಟೆಯಲ್ಲಿರುವ ಮಗುವಿನ ಹಾಲುಹಲ್ಲಿಗೆ ಇಳಿದು, ಹಳದಿ ಅಥವಾ ಕಂದು ಬಣ್ಣದ ಕಲೆ ಉಳಿಸುತ್ತವೆ. ಮಗುವಿನ ಹಾಲುಹಲ್ಲು ಗರ್ಭದ ಆರನೆಯ ವಾರದ ಸುಮಾರಿಗೇ ಮೊಳೆತು, ನಾಲ್ಕನೆಯ ತಿಂಗಳಿನಿಂದ ಗಟ್ಟಿಯಾಗತೊಡಗುತ್ತದೆ ಎಂಬುದು ನೆನಪಿರಲಿ.

ನೋವಿಗೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಸೋಂಕಿಗೆ ಅಮಾಕ್ಸಿಸಿಲಿನ್‌ನಂಥ ಬಸುರಿಯರಿಗೆ ಒಗ್ಗುವ ಔಷಧಿಗಳಿವೆ. ಅವನ್ನು ವೈದ್ಯರೇ ಬರೆದುಕೊಡಲಿ. ಮತ್ತೆ ಇನ್ನೊಂದು ಮಾತು: ಮಾತ್ರೆಯಿಂದ ನೋವು ಇಳಿದರೂ ಹಲ್ಲಿನ ಬೇರಿನಲ್ಲಿರುವ ಕೀವು ಹೋಗುವುದಿಲ್ಲ.

ವೈದ್ಯರ ಬಳಿ ಹೋಗುವವರೆಗೆ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುತ್ತಿರಿ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಹುಳುಕಿನ ತೂತಿಗೆ ಹೊಗೆಸೊಪ್ಪು, ಕರ್ಪೂರ, ಮಾತ್ರೆಯ ಪುಡಿ ತುಂಬಬೇಡಿ, ವಸಡು ಸುಟ್ಟುಹೋದೀತು.

ದವಡೆಯ ಕೆಳಗೆ ಅಥವಾ ಕುತ್ತಿಗೆಗೆ ಬಾವು ಇಳಿದರೆ, ಬಾಯಿ ತೆರೆಯಲು, ಉಗುಳು ನುಂಗಲು, ಉಸಿರಾಡಲು ಕಷ್ಟವಾದರೆ, ಬಾವಿನ ಜೊತೆ ಚಳಿಜ್ವರ ಬಂದರೆ, ಬೆಳಗಾಗಲಿ ಎಂದು ಕಾಯಬೇಡಿ. ಒಂದು ಹುಳುಕು ಹಲ್ಲಿನಿಂದ ಶುರುವಾದ ಸೋಂಕು ಹೀಗೆ ಕುತ್ತಿಗೆಗೆ ಹರಡಿದರೆ ತಾಯಿಯ ಪ್ರಾಣಕ್ಕೇ ಕುತ್ತು. ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ದಿನನಿತ್ಯದ ಆರೈಕೆ

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಮೆತ್ತನೆಯ ಬ್ರಷ್ ಮತ್ತು ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಹಲ್ಲುಜ್ಜಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಮಲಗುವಾಗಿನ ಹಾಲನ್ನು ಉಜ್ಜುವ ಮೊದಲೇ ಕುಡಿಯಿರಿ. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಹಾಕಿ ತಿಕ್ಕಿದರೆ ಎನಾಮಲ್ ಸವೆಯುತ್ತದೆ. ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ಬಳಸಬೇಕು. ಉಜ್ಜಿ ಉಗಿಯುವ ಪೇಸ್ಟಿಗೆ ಹೆದರಬೇಕಾಗಿಲ್ಲ.

ಬಸುರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ರಾಗಿಯೇ ಇದಕ್ಕೆ ಒಳ್ಳೆಯ ಮೂಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು 120ರಷ್ಟು. ಮುದ್ದೆ, ಅಂಬಲಿ, ಮೊಸರು, ಎಳ್ಳು, ನುಗ್ಗೆಸೊಪ್ಪು ಊಟದಲ್ಲಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೆಯ ತಿಂಗಳಿನಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸಬೇಡಿ. ಅದನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಖರ್ಚಿಗೆ ಹೆದರಿ ಹಲ್ಲು ತೋರಿಸದವರು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನವರಿಗೆ ಸರ್ಕಾರಿ ದಂತ ಕಾಲೇಜು ಇದೆ. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ವೈದ್ಯರಿಗೆ ಹಲ್ಲು, ವಸಡಿನ ತೊಂದರೆಯನ್ನೂ ಹೇಳಿ, ದಂತವೈದ್ಯರಿಗೆ ಚೀಟಿ ಬರೆಸಿಕೊಳ್ಳಿ.

ಬಾಣಂತನದಲ್ಲಿ

ಬಾಣಂತಿಗೆ ಶೀತವಾಗುತ್ತದೆ, ಹಲ್ಲು ಸಡಿಲವಾಗುತ್ತದೆ ಎಂದು ಕೆಲವು ಮನೆಗಳಲ್ಲಿ ವಾರಗಟ್ಟಲೆ ಹಲ್ಲುಜ್ಜಲು ಬಿಡುವುದಿಲ್ಲ. ಅದೇ ಹೊತ್ತಿಗೆ ಬೆಲ್ಲ, ಕೊಬ್ಬರಿ, ಅಂಟು ಹಾಕಿದ ಉಂಡೆಗಳನ್ನು ಹೊತ್ತುಹೊತ್ತಿಗೆ ತಿನ್ನಿಸುತ್ತಾರೆ. ಅಂಟಿನ ಉಂಡೆ ತಿನ್ನಲಿ, ಬೇಡವೆನ್ನುವುದಿಲ್ಲ. ಆದರೆ ಬಾಣಂತಿಗೆ ಬಿಸಿನೀರು ಕಾಯಿಸುವ ಕೈಗಳೇ ಹಲ್ಲುಜ್ಜಲು ಒಂದು ಚೊಂಬು ಉಗುರುಬೆಚ್ಚಗಿನ ನೀರನ್ನೂ ಕೊಡಲಿ. ಅದರಿಂದ ಯಾವ ಶೀತವೂ ಆಗುವುದಿಲ್ಲ.

ತಾಯಿಯ ಬಾಯಿ ಶುಚಿಯಾಗಿದ್ದರೆ ಮಗುವಿಗೂ ಲಾಭವಿದೆ. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾಗಳು ಮಗುವಿನ ಬಾಯಿಗೆ ಹೋಗುವುದು ಹೆಚ್ಚಾಗಿ ತಾಯಿಯ ಎಂಜಲಿನಿಂದ. ಮಗುವಿನ ಚಮಚವನ್ನು ತಾನು ನೆಕ್ಕಿ ನೋಡುವುದು, ಅಗಿದು ಉಣ್ಣಿಸುವುದು ಬೇಡ. ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಮೂಡುತ್ತದೆ. ಅಲ್ಲಿಯವರೆಗೆ ಒದ್ದೆ ಹತ್ತಿಬಟ್ಟೆಯಿಂದ ಮಗುವಿನ ವಸಡು ಒರೆಸುತ್ತಿರಿ.

ಇಷ್ಟನ್ನು ನೆನಪಿಡಿ

• ಬಸುರಿ ಎಂದು ತಿಳಿದ ಮೇಲೆ ಒಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಿ. ಮಗು ಬೇಕೆಂದು ಯೋಚಿಸುವಾಗಲೇ ತೋರಿಸಿದರೆ ಇನ್ನೂ ಒಳ್ಳೆಯದು.
• ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ಬಿಡಬೇಡಿ.
• ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಮೊದಲು ಮುಕ್ಕಳಿಸಿ.
• ಅಂಗಡಿಯಿಂದ ಕೇಳಿ ತಂದ ನೋವಿನ ಮಾತ್ರೆ ನುಂಗಬೇಡಿ.
• ಬಾವು, ಜ್ವರ, ನುಂಗಲು ಕಷ್ಟ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹೆರಿಗೆಯಾದ ಮೇಲೆ ನೋಡೋಣ ಎಂದು ಮುಂದೂಡಿದ ಹಲ್ಲುನೋವಿಗೆ ಆಮೇಲೆ ಬಿಡುವು ಸಿಗುವುದು ಅಪರೂಪ. ಬಾಣಂತನ, ಮಗುವಿನ ನಿದ್ದೆಗೆಡಿಸುವ ರಾತ್ರಿಗಳು, ಲಸಿಕೆಯ ದಿನಗಳು ಒಂದರ ಹಿಂದೊಂದು ಬರುತ್ತವೆ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಒಮ್ಮೆ ಕೇಳಿ: ‘ಹಲ್ಲು ನೋಯುತ್ತಿದೆಯೇ? ವಸಡಿನಲ್ಲಿ ರಕ್ತ ಬರುತ್ತಿದೆಯೇ?’ ಹೌದು ಎಂದರೆ ಈ ವಾರವೇ ಕರೆದುಕೊಂಡು ಹೋಗಿ.